ಭರಣಿ ಮಳೆಗೆ ಮೊದಲು ಭರಣಿ ತುಂಬಲಿ

ಕೈತೋಟ, ಅಡುಗೆ, ಸಂತೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಏಪ್ರಿಲ್ ತಿಂಗಳ ಪತ್ರಗಳನ್ನು ಓದುವಾಗ ನನಗೆ ಪ್ರತಿ ವರ್ಷವೂ ನಗು ಬರುತ್ತದೆ. ಎಲ್ಲರದ್ದೂ ಒಂದೇ ಗೋಳು. ಮೇಲೆ ತಾರಸಿಯಲ್ಲಿ ಗಿಡ ಬಾಡುತ್ತಿದೆ, ಕೆಳಗೆ ಅಡುಗೆಮನೆಯಲ್ಲಿ ಮಾವಿನಕಾಯಿ ರಾಶಿ ಬಿದ್ದಿದೆ, ಸಂತೆಯಿಂದ ತಂದ ಸೊಪ್ಪು ಚೀಲದಲ್ಲೇ ಹಳದಿಯಾಗುತ್ತಿದೆ. ನಗು ಯಾಕೆ ಅಂದರೆ, ಇದನ್ನು ಬರೆಯುವ ಹೊತ್ತಿಗೆ ನನ್ನ ಮನೆಯ ಕತೆಯೂ ಅದೇ. ಸರಿ, ಪತ್ರಗಳಿಗೆ ಬರೋಣ.

ಪ್ರಶ್ನೆ: ಅಕ್ಕ, ನಾನು ಕೆಲಸಕ್ಕೆ ಹೋಗುವವಳು. ತಾರಸಿಯಲ್ಲಿ ನಲವತ್ತು ಕುಂಡ ಇವೆ. ಮಕ್ಕಳಿಗೆ ರಜೆ, ನಾದಿನಿಯ ಮಕ್ಕಳೂ ಬಂದಿದ್ದಾರೆ. ನಮ್ಮತ್ತೆಗೆ ಸಂಡಿಗೆ, ಹಪ್ಪಳ, ಉಪ್ಪಿನಕಾಯಿ ಎಲ್ಲ ಮನೆಯಲ್ಲೇ ಆಗಬೇಕು. ಭಾನುವಾರ ಸಂತೆ ಬೇರೆ. ರಾತ್ರಿ ಹತ್ತಕ್ಕೆ ಗಿಡಕ್ಕೆ ನೀರು ಹಾಕುತ್ತಿದ್ದೇನೆ. ಇದನ್ನೆಲ್ಲ ನೀವು ಹೇಗೆ ನಿಭಾಯಿಸುತ್ತೀರಿ? (ದಾವಣಗೆರೆ)

ಉತ್ತರ: ನಿಭಾಯಿಸುವುದಿಲ್ಲ ತಾಯಿ. ಒಂದು ವರ್ಷ ನಿಭಾಯಿಸಲು ಹೋಗಿದ್ದೆ. ಬೆಳಿಗ್ಗೆ ಸಂತೆ, ಬಂದವಳೇ ಸಬ್ಬಕ್ಕಿ ಸಂಡಿಗೆ ಇಟ್ಟೆ, ಅದು ಒಣಗುವಷ್ಟರಲ್ಲಿ ಹತ್ತು ಕುಂಡದ ಮಣ್ಣು ಬದಲಾಯಿಸೋಣ ಅಂತ ಅದೇ ತಾರಸಿಯಲ್ಲಿ ಕೂತೆ, ಒಲೆಯ ಮೇಲೆ ಬೇಳೆ. ಮೂರು ಗಂಟೆಗೆ ಗಾಳಿ ಎದ್ದು ಗೊಬ್ಬರದ ಪುಡಿಯೆಲ್ಲ ಸಂಡಿಗೆ ಮೇಲೆ. ನಾಲ್ಕಕ್ಕೆ ಮಳೆ. ಬೇಳೆ ತಳ ಹಿಡಿದಿತ್ತು ಅಂತ ಬೇರೆ ಹೇಳಬೇಕಾ?

ಆಮೇಲಿಂದ ಗಡಿಯಾರ ಬಿಟ್ಟು ಬಿಸಿಲು ನೋಡಿ ಕೆಲಸ ಹಂಚಿಕೊಂಡಿದ್ದೇನೆ. ಬೆಳಿಗ್ಗೆ ಆರರಿಂದ ಏಳೂವರೆ ಗಿಡದ ಹೊತ್ತು. ರಾತ್ರಿ ನೀರು ಹಾಕಿದರೆ ಗಿಡ ಸಾಯುವುದಿಲ್ಲ, ಆದರೆ ಎಲೆ ಒದ್ದೆಯಾಗಿಯೇ ಬೆಳಗಿನವರೆಗೆ ಉಳಿದರೆ ಬೂಷ್ಟು ಹಿಡಿಯುತ್ತದೆ. ಬೆಳಿಗ್ಗೆ ಆಗದಿದ್ದರೆ ಸಂಜೆ ಹಾಕಿ, ಬುಡಕ್ಕೆ ಮಾತ್ರ. ಮಣ್ಣಿನ ಮೇಲೆ ಎರಡು ಇಂಚು ಒಣ ಎಲೆಯೋ ತೆಂಗಿನ ನಾರೋ ಹೊದಿಸಿ. ಕುಂಡಗಳನ್ನು ದೂರ ದೂರ ಇಡದೆ ಒತ್ತಾಗಿ ಗುಂಪು ಮಾಡಿ, ಒಂದರ ನೆರಳು ಇನ್ನೊಂದಕ್ಕೆ ಬೀಳುತ್ತದೆ. ಕಾದ ತಾರಸಿಯ ಮೇಲೆ ನೇರ ಕೂರಿಸಬೇಡಿ, ಕೆಳಗೆ ಎರಡು ಇಟ್ಟಿಗೆ ಇಡಿ, ಬೇರು ಬೇಯುವುದು ತಪ್ಪುತ್ತದೆ. ಇಷ್ಟು ಮಾಡಿದರೆ ದೊಡ್ಡ ಕುಂಡಗಳಿಗೆ ದಿನ ಬಿಟ್ಟು ದಿನ ನೀರು ಸಾಕಾಗುವುದುಂಟು. ಬೆರಳು ಹಾಕಿ ನೋಡಿ, ಒಳಗೆ ತೇವ ಇದ್ದರೆ ಸುಮ್ನೆ ಬಿಡಿ. ಇನ್ನು ಮಣ್ಣು ಬದಲಾಯಿಸುವುದು, ನರ್ಸರಿಯಿಂದ ಹೊಸ ಗಿಡ ತರುವುದು ಈಗ ಬೇಡವೇ ಬೇಡ. ಜೂನ್‌ನಲ್ಲಿ ಮಳೆ ಬಿದ್ದ ಮೇಲೆ ಮಾಡಿದರೆ ಅರ್ಧ ಕೆಲಸ ಮಳೆಯೇ ಮಾಡುತ್ತದೆ.

ಸಂಡಿಗೆಯ ವಿಷಯಕ್ಕೆ ಬಂದರೆ, ಈ ವರ್ಷ ಒಂದೋ ಎರಡೋ ಬಗೆ ಆಯ್ದುಕೊಳ್ಳಿ. ಅರಳು ಸಂಡಿಗೆ, ಹಲಸಿನ ಹಪ್ಪಳ, ಶಾವಿಗೆ ಎಲ್ಲ ಒಂದೇ ಬೇಸಿಗೆಯಲ್ಲಿ ಆಗುತ್ತಿದ್ದದ್ದು ಮನೆಯಲ್ಲಿ ಹತ್ತು ಹೆಂಗಸರಿದ್ದ ಕಾಲದಲ್ಲಿ. ಕೆಲಸಕ್ಕೆ ಹೋಗುವವರಿಗೆ ಹೇಳಿ ಮಾಡಿಸಿದ್ದು ಸಬ್ಬಕ್ಕಿ ಸಂಡಿಗೆ. ಒಂದು ಲೋಟ ಸಬ್ಬಕ್ಕಿ ಶನಿವಾರ ರಾತ್ರಿ ನೆನೆಹಾಕಿ. ಬೆಳಿಗ್ಗೆ ಐದು ಲೋಟ ಕುದಿಯುವ ನೀರಿಗೆ ಹಾಕಿ, ಕಾಳು ಗಾಜಿನ ಹಾಗೆ ಕಾಣುವವರೆಗೆ ಬೇಯಿಸಿ, ಉಪ್ಪು, ಹಸಿಮೆಣಸಿನಕಾಯಿ ಜೀರಿಗೆ ಅರೆದದ್ದು, ಇಂಗು ಹಾಕಿ. ಆರಿದ ಮೇಲೆ ನಿಂಬೆರಸ. ಒಂಬತ್ತು ಗಂಟೆಯೊಳಗೆ ಹಾಳೆಯ ಮೇಲೆ ಚಮಚದಲ್ಲಿ ಬಿಟ್ಟು ಇಳಿದು ಬನ್ನಿ. ಮಾರನೇ ದಿನ ಮಗುಚಿ ಹಾಕಿ, ಎರಡು ಮೂರು ಬಿಸಿಲು ಸಾಕು. ಉಸ್ತುವಾರಿ ನಿಮ್ಮತ್ತೆಗೆ, ಕಾಗೆ ಓಡಿಸುವುದು ಮಕ್ಕಳಿಗೆ. ಅರ್ಧ ಒಣಗಿದ ಸಂಡಿಗೆ ಮಕ್ಕಳ ಹೊಟ್ಟೆ ಸೇರುತ್ತದೆ, ಅದಕ್ಕೆ ಲೆಕ್ಕ ಇಡಬೇಡಿ. ಅರ್ಧ ಒಣಗಿದ್ದೇ ರುಚಿ ಜಾಸ್ತಿ ಅಲ್ವಾ?

ಮಧ್ಯಾಹ್ನ ಒಲೆಯ ಮುಂದೆ ನಿಲ್ಲಬೇಡಿ. ಬೆಳಿಗ್ಗೆಯೇ ಅನ್ನ, ಒಂದು ಮಜ್ಜಿಗೆ ಹುಳಿ ಮಾಡಿಟ್ಟು, ಊಟಕ್ಕೆ ಕೂರುವಾಗ ಹೆಸರುಬೇಳೆ ಸೌತೆಕಾಯಿ ಕೋಸಂಬರಿ. ತಾರಸಿಯಲ್ಲಿ ದೊಡ್ಡಪತ್ರೆ ಇದ್ದೇ ಇರುತ್ತದೆ, ಏಳೆಂಟು ಎಲೆ ಜೀರಿಗೆಯ ಜೊತೆ ತುಪ್ಪದಲ್ಲಿ ಬಾಡಿಸಿ, ಕಾಯಿತುರಿ ಸೇರಿಸಿ ರುಬ್ಬಿ ಮಜ್ಜಿಗೆಗೆ ಬೆರೆಸಿದರೆ ತಂಬುಳಿ. ಬಂದ ಮಕ್ಕಳು ಮೊದಲ ದಿನ ಮೂಗು ಮುರಿಯುತ್ತಾರೆ. ಮೂರನೇ ದಿನ ಲೋಟ ಹಿಡಿದು ಬರುತ್ತಾರೆ.

ಪ್ರಶ್ನೆ: ಟೊಮೆಟೊ ಗಿಡ ಸೊಂಪಾಗಿದೆ, ಹೂವೂ ಬಿಡುತ್ತಿದೆ. ಆದರೆ ಎಲ್ಲ ಉದುರುತ್ತಿದೆ, ಒಂದು ಕಾಯಿಯೂ ಇಲ್ಲ. ಗೊಬ್ಬರ ಕಮ್ಮಿಯಾಯಿತಾ? (ಕಲಬುರಗಿ)

ಉತ್ತರ: ಗೊಬ್ಬರ ಹಾಕಬೇಡಿ, ಸೊಪ್ಪು ಇನ್ನೂ ಜಾಸ್ತಿ ಬರುತ್ತದೆ ಅಷ್ಟೇ. ನಿಮ್ಮ ಊರಿನ ಬಿಸಿಲಿಗೆ ಗಿಡ ಸೋತಿದೆ. ಹಗಲು ಸುಮಾರು 35 ಡಿಗ್ರಿ ದಾಟಿ ರಾತ್ರಿಯೂ ಸೆಕೆ ಇಳಿಯದಿದ್ದರೆ ಟೊಮೆಟೊ ಹೂವಿನ ಪರಾಗ ಕೆಲಸ ಮಾಡುವುದಿಲ್ಲ, ಹೂವು ಕಾಯಿ ಕಟ್ಟದೆ ಉದುರುತ್ತದೆ. ಮೇಲೆ ಹಸಿರು ನೆರಳು ಬಲೆ ಕಟ್ಟಿ, ಬುಡ ತಂಪಾಗಿಟ್ಟು ಗಿಡ ಉಳಿಸಿಕೊಳ್ಳಿ. ಸೆಕೆ ಇಳಿದ ಮೇಲೆ ಕಾಯಿ ಕಚ್ಚುತ್ತದೆ. ಅಲ್ಲಿಯವರೆಗೆ ಬಿಸಿಲಿಗೆ ಹೆದರದ ಬೆಂಡೆ, ಚವಳಿಕಾಯಿ, ರಾಜಗಿರಿ ಸೊಪ್ಪು ಬಿತ್ತಿ. ಬೆಂಡೆಗೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕ ತಳಿ ಸಿಕ್ಕರೆ ಒಳ್ಳೆಯದು, ಎಲೆ ಹಳದಿಯಾಗುವ ನಂಜು ರೋಗವನ್ನು ತಡೆದುಕೊಳ್ಳಲಿ ಅಂತಲೇ ಮಾಡಿದ ತಳಿ ಅದು. ರಾಜಗಿರಿ ತಿಂಗಳೊಳಗೆ ಸಾರಿಗೆ ಬರುತ್ತದೆ. ಬೀಜ ಸಾಸಿವೆಗಿಂತ ಸಣ್ಣ, ಒಂದು ಹಿಡಿ ಮರಳಿನಲ್ಲಿ ಬೆರೆಸಿ ಚೆಲ್ಲಿ. ಇಲ್ಲದಿದ್ದರೆ ಒಂದೇ ಮೂಲೆಯಲ್ಲಿ ಗಡ್ಡದ ಹಾಗೆ ಹುಟ್ಟುತ್ತದೆ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ನೀರಿಗೆ ತತ್ವಾರ. ಬಟ್ಟೆ ಒಗೆದ ನೀರು, ಕುಡಿಯುವ ನೀರು ಶುದ್ಧ ಮಾಡುವ ಆರ್‌ಒ ಯಂತ್ರದಿಂದ ವ್ಯರ್ಥವಾಗಿ ಹೊರಬರುವ ನೀರು ಗಿಡಕ್ಕೆ ಹಾಕಬಹುದಾ? (ಬೆಂಗಳೂರು)

ಉತ್ತರ: ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಎಲ್ಲಕ್ಕಿಂತ ಒಳ್ಳೆಯದು, ಅದನ್ನು ಸಿಂಕಿಗೆ ಚೆಲ್ಲಬೇಡಿ. ಸಿಂಕಿನ ಪಕ್ಕ ಒಂದು ಬಕೆಟ್ ಇಟ್ಟರೆ ಮುಗಿಯಿತು. ಆರ್‌ಒ ಯಂತ್ರ ಹೊರಬಿಡುವ ನೀರಿನಲ್ಲಿ ಲವಣ ಜಾಸ್ತಿ, ಒಳ್ಳೆಯ ನೀರಿನ ಜೊತೆ ಅರ್ಧಕ್ಕರ್ಧ ಬೆರೆಸಿ ಹೂವಿನ ಗಿಡಗಳಿಗೆ ಹಾಕಿ. ಕುಂಡದ ಅಂಚಿನಲ್ಲಿ ಬಿಳಿ ಪುಡಿ ಕಟ್ಟಿದರೆ ನಿಲ್ಲಿಸಿ. ಸೋಪಿನ ಪುಡಿ ಹಾಕಿ ಒಗೆದ ನೀರು ತಿನ್ನುವ ಗಿಡಕ್ಕೆ ಬೇಡ. 2024ರ ಮಾರ್ಚ್ ನೆನಪಿದೆಯಲ್ಲ, ಕುಡಿಯುವ ನೀರನ್ನು ಕೈತೋಟಕ್ಕೆ ಹಾಕಿದರೆ, ಕಾರು ತೊಳೆದರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತ್ತು. ಆ ಬೇಸಿಗೆಯಲ್ಲಿ ಕುಂಡ ಉಳಿಸಿಕೊಂಡವರೆಲ್ಲ ಅಕ್ಕಿ ತೊಳೆದ ನೀರಿನವರೇ. ಇನ್ನೊಂದು ಹಳೇ ಉಪಾಯ: ದೊಡ್ಡ ಕುಂಡದ ನಡುವೆ, ಮೆರುಗು ಕೊಡದ ಸಣ್ಣ ಮಣ್ಣಿನ ಮಡಕೆಯೊಂದನ್ನು ಕತ್ತಿನವರೆಗೆ ಹೂತು ನೀರು ತುಂಬಿ ಮುಚ್ಚಳ ಹಾಕಿ. ನೀರು ನಿಧಾನವಾಗಿ ಜಿನುಗುತ್ತದೆ, ಬೇರು ತಾನೇ ಹುಡುಕಿಕೊಂಡು ಬರುತ್ತದೆ. ಎರಡು ದಿನ ಊರಿಗೆ ಹೋಗುವವರಿಗೆ ಇದು ಬಹಳ ಅನುಕೂಲ.

ಪ್ರಶ್ನೆ: ಶಿರಸಿ ಕಡೆಯ ಸ್ನೇಹಿತೆ ಒಂದು ಚೀಲ ಅಪ್ಪೆಮಿಡಿ ಕಳಿಸುತ್ತೇನೆ ಅಂದಿದ್ದಾಳೆ. ಖುಷಿಗಿಂತ ಭಯ ಜಾಸ್ತಿ. ಹೋದ ವರ್ಷ ನಾನು ಹಾಕಿದ ಮಿಡಿ ಎರಡೇ ತಿಂಗಳಲ್ಲಿ ಮೆತ್ತಗಾಗಿ, ಮೇಲೆ ಬಿಳಿ ಕಟ್ಟಿತು. ಎಲ್ಲಿ ತಪ್ಪಿದೆ? (ತುಮಕೂರು)

ಉತ್ತರ: ಮೊದಲು ಆ ಸ್ನೇಹಿತೆಯ ವಿಳಾಸ ನನಗೂ ಕಳಿಸಿ! ಅಪ್ಪೆಮಿಡಿ ಅಂದರೆ ಸುಮ್ನೆ ಅಲ್ಲ. ಅಘನಾಶಿನಿ, ಶರಾವತಿ ದಂಡೆಯ ಕಾಡುಮಾವಿನ ಮರಗಳ ಮಿಡಿ ಅದು, ಆ ನೆಲದ್ದೇ ಅನ್ನುವ ಭೌಗೋಳಿಕ ಗುರುತು (ಜಿಐ) ಪಡೆದದ್ದು. ಒಂದೊಂದು ಮರದ ವಾಸನೆ ಒಂದೊಂದು ಥರ. ಜೀರಿಗೆ ಮಿಡಿ ಮುರಿದರೆ ಜೀರಿಗೆಯದೇ ಪರಿಮಳ. ಅನಂತಭಟ್ಟನ ಅಪ್ಪೆ ಅಂತ ಒಬ್ಬರ ಹೆಸರೇ ನಿಂತ ತಳಿಯೂ ಇದೆ.

ನಿಮ್ಮ ಮಿಡಿ ಮೆತ್ತಗಾದದ್ದಕ್ಕೆ ಎರಡು ಕಾರಣ ಇರಬಹುದು. ಒಂದು, ಮಿಡಿ ನೆಲಕ್ಕೆ ಬಿದ್ದದ್ದು. ಮರ ಹತ್ತಿ ಕೈಯಲ್ಲಿ ಕೊಯ್ದ ಮಿಡಿಗೆ ಪೆಟ್ಟು ಬಿದ್ದಿರುವುದಿಲ್ಲ. ಉದುರಿದ್ದಕ್ಕೆ ಒಳಗೇ ಏಟು, ಅದು ಕೊಳೆಯುತ್ತದೆ, ಜೊತೆಯವನ್ನೂ ಕೆಡಿಸುತ್ತದೆ. ಬಂದ ತಕ್ಷಣ ಒಂದೊಂದನ್ನೇ ಒತ್ತಿ ನೋಡಿ, ಕಪ್ಪು ಚುಕ್ಕೆ ಇದ್ದದ್ದನ್ನು ಎತ್ತಿಟ್ಟು ಅವತ್ತೇ ಅಪ್ಪೆಹುಳಿ ಮಾಡಿಕೊಳ್ಳಿ. ಎರಡು, ನೀರು. ತೊಳೆದಿರಾದರೆ ಒಣ ಬಟ್ಟೆಯಲ್ಲಿ ಒರೆಸಿ, ಫ್ಯಾನಿನ ಕೆಳಗೆ ಪೂರ್ತಿ ಆರಬೇಕು. ಭರಣಿಯೂ ಬಿಸಿಲಿಗೆ ಕಾದಿರಬೇಕು, ಕೈಯೂ ಒಣಗಿರಬೇಕು.

ತೊಟ್ಟನ್ನು ಬುಡದವರೆಗೆ ಕೀಳಬೇಡಿ. ಅರ್ಧ ಇಂಚು ಬಿಡಿ. ಅಲ್ಲಿರುವ ಸೊನೆಯೇ ಈ ಉಪ್ಪಿನಕಾಯಿಯ ಪ್ರಾಣ, ಪೇಟೆಯವರು ಅದನ್ನೇ ತೊಳೆದು ಚೆಲ್ಲುತ್ತಾರೆ. ನಮ್ಮ ಮನೆಯ ಲೆಕ್ಕ ನಾಲ್ಕು ಪಾವು ಮಿಡಿಗೆ ಒಂದು ಪಾವು ಕಲ್ಲುಪ್ಪು. ಒಂದು ಸಾಲು ಮಿಡಿ, ಒಂದು ಸಾಲು ಉಪ್ಪು, ಹೀಗೆ ತುಂಬಿ ಬಾಯಿಗೆ ಬಟ್ಟೆ ಕಟ್ಟಿ. ದಿನಕ್ಕೊಮ್ಮೆ ಒಣ ಸೌಟಿನಲ್ಲಿ ಮೇಲೆ ಕೆಳಗೆ ಮಾಡಿ. ಎರಡು ಮೂರು ವಾರದಲ್ಲಿ ಮಿಡಿ ಮುದುಡಿ, ನೀರು ಬಿಟ್ಟು ಅದರಲ್ಲೇ ಮುಳುಗುತ್ತದೆ. ಆ ಉಪ್ಪುನೀರನ್ನು ಬಸಿದು, ಕುದಿಸಿ, ಪೂರ್ತಿ ಆರಿಸಿ, ಅದರಲ್ಲೇ ಸಾಸಿವೆ, ಬ್ಯಾಡಗಿ ಮೆಣಸಿನಕಾಯಿ, ಅರಿಸಿನ ರುಬ್ಬಿ ಕಲಸಿ. ಬೇರೆ ನೀರು ಒಂದು ತೊಟ್ಟೂ ಬೇಡ. ಕಲಸಿದ ಮೇಲೆ ಮಿಡಿ ಖಾರದಲ್ಲಿ ಮುಳುಗಿರಬೇಕು, ಮೇಲೆ ತಲೆ ಎತ್ತಿದ ಮಿಡಿಗೇ ಬಿಳಿ ಕಟ್ಟುವುದು. ಉಪ್ಪು ಕಮ್ಮಿ ಮಾಡಿ ಆರೋಗ್ಯ ಕಾಪಾಡಿಕೊಳ್ಳುತ್ತೇನೆ ಅನ್ನುವವರು ದಿನಕ್ಕೆ ಎರಡರ ಬದಲು ಒಂದು ಮಿಡಿ ತಿನ್ನಲಿ, ಭರಣಿಗೆ ಉಪ್ಪು ಕಮ್ಮಿ ಮಾಡಬಾರದು.

ಏಪ್ರಿಲ್ ಕೊನೆಗೆ ಭರಣಿ ಮಳೆ ಶುರುವಾಗುತ್ತದೆ, ಗಾಳಿಯಲ್ಲಿ ತೇವ ಏರುತ್ತದೆ. ಭರಣಿ ಮಳೆಗೆ ಮೊದಲು ಭರಣಿ ತುಂಬಬೇಕು ಅಂತ ನಮ್ಮತ್ತೆ ಹೇಳುತ್ತಿದ್ದರು. ಸ್ನೇಹಿತೆಗೆ ಇವತ್ತೇ ಫೋನ್ ಮಾಡಿ.

ಪ್ರಶ್ನೆ: ನಮ್ಮ ಮನಿಯಾಕಿ ಸಂತ್ಯಾಗ ಐದು ರೂಪಾಯಿ ಸಲುವಾಗಿ ಅರ್ಧ ತಾಸು ಜಗ್ಗಾಡತಾಳ್ರಿ. ಮಾಲ್‌ನಾಗ ಹೇಳಿದಷ್ಟ ಕೊಟ್ಟ ಬರ್ತಾಳ. ಇದಕ್ಕೇನರ ಮದ್ದು ಐತೇನ್ರಿ? (ಹುಬ್ಬಳ್ಳಿ)

ಉತ್ತರ: ಮದ್ದು ಇದೆ, ಚೀಲ ನೀವು ಹಿಡಿಯಿರಿ. ಅರ್ಧ ಗಂಟೆ ಬಿಸಿಲಲ್ಲಿ ನಿಂತು ಕಾಯುತ್ತಿರುವವರು ನೀವಾದ್ದರಿಂದ ನಿಮಗೆ ಅದು ಚೌಕಾಸಿ, ಅವರಿಗೆ ಅದು ಮಾತುಕತೆ.

ಆದರೂ ನಿಮ್ಮ ಮಾತಿನಲ್ಲಿ ನ್ಯಾಯ ಇದೆ. ಸಂತೆಯಲ್ಲಿ ಕೂತವರೆಲ್ಲ ಬೆಳೆದವರಲ್ಲ. ಮಾರುಕಟ್ಟೆಯಿಂದ ಕೊಂಡು ತಂದು ಮಾರುವವರೇ ಜಾಸ್ತಿ, ಅವರ ಹತ್ತಿರ ಹತ್ತು ಹದಿನೈದು ಬಗೆ ತರಕಾರಿ, ಎಲ್ಲ ಒಂದೇ ಅಳತೆ, ಹೊಳಪು. ಒಂದೋ ಎರಡೋ ಬಗೆ ಮಾತ್ರ, ಗಾತ್ರ ಹೆಚ್ಚುಕಮ್ಮಿ, ತಕ್ಕಡಿಯ ಬದಲು ಗುಡ್ಡೆ ಲೆಕ್ಕ, ಬದನೆಕಾಯಿಯ ಪಕ್ಕ ನಾಲ್ಕು ನಿಂಬೆಹಣ್ಣು, ಒಂದು ಕಟ್ಟು ಕರಿಬೇವು ಇಟ್ಟುಕೊಂಡು ಕೂತಿದ್ದರೆ ಅದು ಮನೆಯ ಬೆಳೆ ಇರಬಹುದು. ಅಲ್ಲಿ ಚೌಕಾಸಿ ಬೇಡ. ಟೊಮೆಟೊ ಬೆಲೆ 2023ರ ಜುಲೈನಲ್ಲಿ ಕೆಜಿಗೆ ನೂರು ರೂಪಾಯಿ ದಾಟಿದ್ದನ್ನು ನಾವೆಲ್ಲ ಇನ್ನೂ ಹೇಳಿಕೊಂಡು ತಿರುಗುತ್ತೇವೆ, ಬೆಲೆ ಬಿದ್ದಾಗ ಅದೇ ಬೆಳೆಯನ್ನು ರಸ್ತೆ ಪಕ್ಕ ಸುರಿದು ಹೋಗುವವರ ನೆನಪು ಇರುವುದಿಲ್ಲ. ಬೆಲೆ ಕೊಟ್ಟು ಕೊಸರು ಕೇಳಿ. ಎರಡು ಮೆಣಸಿನಕಾಯಿ, ಒಂದು ಎಸಳು ಕರಿಬೇವು ಯಾರೂ ಇಲ್ಲ ಅನ್ನುವುದಿಲ್ಲ.

ಆರಿಸುವುದು ನೀವೇ ಕಲಿತರೆ ಅರ್ಧ ತಾಸು ಹತ್ತು ನಿಮಿಷಕ್ಕೆ ಇಳಿಯುತ್ತದೆ. ಬೆಂಡೆಯ ತುದಿ ಚಟ್ ಅಂತ ಮುರಿಯಬೇಕು, ಆದರೆ ಮುರಿದು ಅಲ್ಲೇ ಬಿಟ್ಟು ಬರಬೇಡಿ, ಮುರಿದದ್ದು ನಿಮ್ಮದು. ಬದನೆ ಕೈಗೆ ಹಗುರ ಇರಬೇಕು, ಭಾರ ಇದ್ದರೆ ಬೀಜ. ಸೋರೆಕಾಯಿಗೆ ಉಗುರು ಸಲೀಸಾಗಿ ಇಳಿಯಬೇಕು. ನುಗ್ಗೆಕಾಯಿ ತಿರುಚಿದರೆ ಬಾಗಬೇಕು. ಒಳ್ಳೆಯದು ಬೇಕಾದರೆ ಬೆಳಿಗ್ಗೆ ಏಳಕ್ಕೆ ಹೋಗಿ, ಅಗ್ಗ ಬೇಕಾದರೆ ಸಂತೆ ಮುಗಿಯುವ ಹೊತ್ತಿಗೆ. ಎರಡೂ ಒಟ್ಟಿಗೆ ಸಿಗುವುದಿಲ್ಲ.

ಪ್ರಶ್ನೆ: ಸಂತೆಯಿಂದ ಮನೆಗೆ ಬರುವಷ್ಟರಲ್ಲಿ ಸೊಪ್ಪು ಸತ್ತೇ ಹೋಗಿರುತ್ತದೆ. (ರಾಯಚೂರು)

ಉತ್ತರ: ಒದ್ದೆ ಹತ್ತಿ ಬಟ್ಟೆ ತೆಗೆದುಕೊಂಡು ಹೋಗಿ, ಸುತ್ತಿ ತನ್ನಿ. ಸೊಪ್ಪು ಕೊನೆಗೆ ಕೊಳ್ಳಿ. ಬಂದ ಮೇಲೆ ಬೇರಿನ ಭಾಗ ಹತ್ತು ನಿಮಿಷ ನೀರಲ್ಲಿ ನಿಲ್ಲಿಸಿ, ತಲೆ ಎತ್ತುತ್ತದೆ. ಅವತ್ತು ರಾತ್ರಿಗೇ ಸಾರು.

ಪ್ರಶ್ನೆ: ಯುಗಾದಿ ಮುಗಿದದ್ದೇ ತಡ, ಅಂಗಡಿಯಲ್ಲಿ ಹಳದಿ ಹಳದಿ ಮಾವಿನಹಣ್ಣು ಬಂದಿದೆ. ಕಾರ್ಬೈಡ್ ಹಾಕಿದ್ದು ಅಂತ ಹೇಗೆ ಗೊತ್ತಾಗುತ್ತದೆ? (ಬೆಂಗಳೂರು)

ಉತ್ತರ: ಕಣ್ಣಿಗಿಂತ ಕ್ಯಾಲೆಂಡರ್ ನೋಡುವುದು ಸುಲಭ. ನಮ್ಮ ಕಡೆ ಬಾದಾಮಿ, ರಸಪುರಿ, ಸೇಂದೂರ ಹದವಾಗಿ ಬರುವುದು ಮೇ ತಿಂಗಳಲ್ಲಿ. ಮಲ್ಲಿಕಾ, ನೀಲಂ, ತೋತಾಪುರಿ ಅದರ ಹಿಂದೆ. ಏಪ್ರಿಲ್ ಮೊದಲ ವಾರಕ್ಕೇ ರಾಶಿ ರಾಶಿ ಒಂದೇ ಬಣ್ಣದ ಹಣ್ಣು ಕಂಡರೆ ಅನುಮಾನ ಪಡಿ. ತೊಟ್ಟಿನ ಹತ್ತಿರ ಮೂಸಿ. ಬಣ್ಣ ಇದ್ದು ವಾಸನೆ ಇಲ್ಲದಿದ್ದರೆ, ಕೊಯ್ದಾಗ ಒಳಗೆ ವಾಟೆಯ ಸುತ್ತ ಬೆಳ್ಳಗೆ ಹುಳಿ ಇದ್ದರೆ ಅದು ಬಲಿಯದ ಕಾಯಿಯನ್ನು ಬಲವಂತವಾಗಿ ಹಣ್ಣು ಮಾಡಿದ್ದು. ಕಾರ್ಬೈಡ್ ಬಳಕೆಗೆ ನಿಷೇಧ ಇದೆ. ಎಥಿಲೀನ್ ಅನಿಲಕ್ಕೆ 100 ಪಿಪಿಎಂವರೆಗೆ (ಹತ್ತು ಲಕ್ಷ ಪಾಲಿನಲ್ಲಿ ನೂರು ಪಾಲು) ಅನುಮತಿ ಇದೆ, ಅದು ಹಣ್ಣು ತಾನೇ ಬಿಡುವ ಅನಿಲವೇ, ಹೆದರಬೇಕಿಲ್ಲ.

ನಾನು ಮಾಡುವುದೇ ಬೇರೆ. ಮೇ ಬಂದ ಮೇಲೆ ಬಲಿತ ಕಾಯಿಯನ್ನೇ ತರುತ್ತೇನೆ, ಲಾಲ್‌ಬಾಗ್‌ನಲ್ಲಿ ಬೆಳೆಗಾರರೇ ಕೂರುವ ಮಾವು ಮೇಳ ನಡೆದಾಗ ಬೆಂಗಳೂರಿನ ಮಗಳ ಕೈಯಲ್ಲಿ ತರಿಸುವುದೂ ಉಂಟು. ಹುಲ್ಲು ಇಲ್ಲದಿದ್ದರೆ ಹಳೇ ಪತ್ರಿಕೆ ಹಾಸಿ, ಒಂದಕ್ಕೊಂದು ತಾಗದ ಹಾಗೆ ರಟ್ಟಿನ ಪೆಟ್ಟಿಗೆಯಲ್ಲಿ ಜೋಡಿಸಿ, ನಡುವೆ ಎರಡು ಬಾಳೆಹಣ್ಣು ಇಟ್ಟು ಮಂಚದ ಕೆಳಗೆ ತಳ್ಳಿದರೆ ನಾಲ್ಕೈದು ದಿನದಲ್ಲಿ ಮನೆಯೆಲ್ಲ ಘಮ. ರಸಪುರಿ ಪೂರ್ತಿ ಹಳದಿಯಾಗಲಿ ಅಂತ ಕಾಯಬೇಡಿ, ಹಸಿರು ಇದ್ದಂತೆಯೇ ಹಣ್ಣಾಗಿ ಒಳಗೆ ಕೊಳೆತಿರುತ್ತದೆ. ತಿನ್ನುವ ಮೊದಲು ಸ್ವಲ್ಪ ಹೊತ್ತು ನೀರಲ್ಲಿ ಹಾಕಿಡಿ, ಸೊನೆ ಹೋಗಲಿ.

ಪ್ರಶ್ನೆ: ಇಲ್ಲಿ ಇನ್ನೂ ಚಳಿ. ನಿಮ್ಮ ಬೇಸಿಗೆ ಮುಗಿದ ಮೇಲೆ ನಮ್ಮದು ಶುರು. ಹೋದ ವರ್ಷ ಹಿತ್ತಲಲ್ಲಿ ಎರಡು ಝುಕಿನಿ (ಸೌತೆಕಾಯಿಯ ಹಾಗೆ ಕಾಣುವ ಕುಂಬಳದ ಜಾತಿ) ಗಿಡ ಹಾಕಿ, ಕಾಯಿ ಹಂಚಿ ಹಂಚಿ, ಆಗಸ್ಟ್‌ನಲ್ಲಿ ಪಕ್ಕದ ಮನೆಯವರು ನನ್ನನ್ನು ಕಂಡರೆ ಬಾಗಿಲು ಹಾಕಿಕೊಳ್ಳುವಂತಾಯಿತು. ಬಸಳೆ ಮಾತ್ರ ಬರಲೇ ಇಲ್ಲ. (ಮಿನಿಯಾಪೊಲಿಸ್, ಅಮೆರಿಕ)

ಉತ್ತರ: ನನ್ನ ತಂಗಿಯ ಮಗಳು ಆ ಕಡೆ ಇದ್ದಾಳೆ, ಅದಕ್ಕೆ ನಿಮ್ಮ ಊರಿನ ಮಣ್ಣಿನ ಸಂಗತಿ ಸ್ವಲ್ಪ ಗೊತ್ತು. ಅಲ್ಲಿ ಹಿಮದ ಭಯ ಹೋಗುವುದು ಮೇ ಮಧ್ಯದ ಮೇಲೆ. ಬಸಳೆಗೆ ಮಣ್ಣು ಬೆಚ್ಚಗಿರಬೇಕು. ಈಗಲೇ ಬೀಜ ಒಂದು ರಾತ್ರಿ ನೆನೆಸಿ, ಮನೆಯೊಳಗೆ ಬಿಸಿಲು ಬೀಳುವ ಕಿಟಕಿಯ ಹತ್ತಿರ ಸಸಿ ಮಾಡಿ, ಜೂನ್‌ನಲ್ಲಿ ಹೊರಗೆ ನೆಡಿ. ಝುಕಿನಿ ಈ ಸಲ ಒಂದೇ ಗಿಡ. ಎಳೆಯದನ್ನು ಕೋಸಂಬರಿಗೆ, ಸ್ವಲ್ಪ ಬಲಿತದ್ದನ್ನು ಮಜ್ಜಿಗೆ ಹುಳಿಗೆ, ತುರಿದದ್ದನ್ನು ಅಕ್ಕಿ ರೊಟ್ಟಿಗೆ ಸೋರೆಕಾಯಿಯ ಬದಲು ಹಾಕಿ. ಸಿಪ್ಪೆಯನ್ನು ಹೀರೆಕಾಯಿ ಸಿಪ್ಪೆಯ ಹಾಗೆ ಹುರಿದು ಚಟ್ನಿ ಮಾಡಿ. ಎಲೆಯ ಕೆಳಗೆ ಅಡಗಿ ತೊಡೆ ಗಾತ್ರ ಆದದ್ದನ್ನು ಬೀಜ ತೆಗೆದು ಅಕ್ಕಿಯ ಜೊತೆ ರುಬ್ಬಿ ದೋಸೆ.

ಮತ್ತೆ ನಿಮ್ಮ ಊರಿನ ರೈತರ ಮಾರುಕಟ್ಟೆಯಲ್ಲಿ ಲಾವೋಸ್ ಕಡೆಯಿಂದ ಬಂದು ನೆಲೆಸಿದ ಹ್ಮಾಂಗ್ ಜನಾಂಗದ ಬೆಳೆಗಾರರು ಬಹಳ ಜನ ಇದ್ದಾರೆ. ಹಾಗಲಕಾಯಿ, ಮೊಳ ಉದ್ದದ ಅಲಸಂದೆ, ಗುಂಡು ಬದನೆ, ಕುಂಬಳದ ಕುಡಿ ಎಲ್ಲ ಅವರ ಹತ್ತಿರ ಸಿಗುತ್ತದೆ. ತಂಗಿಯ ಮಗಳು ಅಲ್ಲಿ ಕುಂಬಳದ ಕುಡಿ ಕೊಂಡಾಗ, ಇದನ್ನು ಹೇಗೆ ಮಾಡುತ್ತೀಯಾ ಅಂತ ಮಾರುವ ಹ್ಮಾಂಗ್ ಅಜ್ಜಿ ಕೇಳಿ, ಇಬ್ಬರೂ ಕೈಸನ್ನೆಯಲ್ಲೇ ಒಗ್ಗರಣೆವರೆಗೆ ಹೋದರಂತೆ. ಸೆಪ್ಟೆಂಬರ್ ಕೊನೆಗೆ ಹಿಮ ಬೀಳುವ ಮುನ್ನ ಗಿಡದಲ್ಲಿ ಉಳಿಯುವ ಟೊಮೆಟೊ ಕಾಯಿಯನ್ನು ಬಿಸಾಡಬೇಡಿ, ಕಡಲೆಬೀಜ, ಹಸಿಮೆಣಸಿನಕಾಯಿ ಹುರಿದು ಚಟ್ನಿ ಅರೆಯಿರಿ. ಮೊಸರನ್ನಕ್ಕೆ ಅದರಂಥ ಜೊತೆ ಇಲ್ಲ.

ಪ್ರಶ್ನೆ: ಆಂಟಿ, ನಾನು ಆರನೇ ಕ್ಲಾಸ್. ಮಾವಿನಹಣ್ಣು ತಿಂದು ವಾಟೆ ಕುಂಡದಲ್ಲಿ ನೆಟ್ಟರೆ ಮರ ಬರುತ್ತಾ? ಅಮ್ಮ ಬರಲ್ಲ ಅಂತಾರೆ. (ಮಂಡ್ಯ)

ಉತ್ತರ: ಬರುತ್ತೆ ಪುಟ್ಟ. ಅಮ್ಮ ಹೇಳಿದ್ದೂ ಪೂರ್ತಿ ಸುಳ್ಳಲ್ಲ. ತಿಂದ ಒಂದೆರಡು ದಿನದಲ್ಲೇ ವಾಟೆಯ ಸಿಪ್ಪೆಯನ್ನು ಅಮ್ಮನ ಕೈಯಲ್ಲಿ ಹುಷಾರಾಗಿ ಬಿಡಿಸಿ, ಒಳಗಿನ ಬೀಜವನ್ನು ನೆಡು. ಎರಡು ಮೂರು ವಾರದಲ್ಲಿ ಕೆಂಪು ಎಲೆ ಬರುತ್ತದೆ. ಆದರೆ ಹಣ್ಣಿಗೆ ಆರೇಳು ವರ್ಷವಾದರೂ ಕಾಯಬೇಕು, ಆಗಲೂ ನೀನು ತಿಂದ ಬಾದಾಮಿಯ ರುಚಿಯೇ ಬರುತ್ತೆ ಅಂತ ಹೇಳಕ್ಕಾಗಲ್ಲ. ಅದಕ್ಕೇ ತೋಟದವರು ಕಸಿ ಕಟ್ಟಿದ ಗಿಡ ನೆಡುವುದು. ಕುಂಡದಲ್ಲಿ ಒಂದು ವರ್ಷ ಇಟ್ಟುಕೋ. ಮುಂದಿನ ಮಳೆಗಾಲಕ್ಕೆ ಅಜ್ಜಿಯ ಊರಿಗೆ ತೆಗೆದುಕೊಂಡು ಹೋಗಿ ನೆಡು, ಸುತ್ತ ಮುಳ್ಳು ಕಟ್ಟು, ಇಲ್ಲದಿದ್ದರೆ ಮೊದಲ ರುಚಿ ಆಡು ನೋಡುತ್ತದೆ.